ಟುವಾಲಿನ ಕೆಳಗೆ ಮೂರು ಬೆರಳು

ಡಾಕ್ಟರು ಮೊದಲು ದರ ಹೇಳಿಬಿಟ್ಟರು. ಅವರು ಅಲ್ಲೇ ತಪ್ಪಿದರು ಎಂದು ನಾನು ಅಂದು ತಿಳಿದೆ.

"ವಾರಕ್ಕ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು ಡಯಾಲಿಸಿಸ್ ಬೇಕಾಗ್ತದ," ಎಂದರು.

ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನು ಅರ್ಧ ಸೋತಂತೆ. ನಾನು ಕುರ್ಚಿಯಲ್ಲಿ ತುಸು ಹಿಂದಕ್ಕೆ ಒರಗಿ, "ಎರಡು ಸಲ ಮಾಡ್ರಿ ಸಾಹೇಬ್ರ. ಮೂರು ತಾಸು," ಎಂದೆ.

ಅವರು ನಕ್ಕರು. ನಕ್ಕವರು ಇಳಿಯುತ್ತಾರೆ ಎಂಬುದು ನನ್ನ ಮೂವತ್ತು ವರ್ಷದ ಅನುಭವ. ಪಕ್ಕದಲ್ಲಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಇವರು ತೊಗರಿ ದಲಾಲ್ರು ಇದ್ದಾರ್ರಿ ಸರ್," ಎಂದಳು. ಅದೂ ಒಂದು ಕಾಯಿಲೆ, ಚೀಟಿಯಲ್ಲಿ ಬರೆದುಕೊಳ್ಳಿ ಎನ್ನುವ ಧಾಟಿಯಲ್ಲಿ.

ಆಳಂದದ ಮಾರುಕಟ್ಟೆಗೆ ನಾನು ಮೊದಲು ಹೋದದ್ದು ಚೀಲ ಹೊರಲು. ಹೊತ್ತ ಚೀಲದ ಮಾಲು ಯಾರ ಕೈಯಿಂದ ಯಾರ ಕೈಗೆ ಹೇಗೆ ಹೋಗುತ್ತದೆ ಎಂದು ನೋಡುತ್ತಾ ನೋಡುತ್ತಾ ದಲಾಲನಾದೆ. ಆಗೆಲ್ಲ ಸೌದಾ ನಡೆಯುತ್ತಿದ್ದದ್ದು ಟುವಾಲಿನ ಕೆಳಗೆ. ಇಬ್ಬರ ಕೈಯ ಮೇಲೆ ಒಂದು ಟುವಾಲು ಹೊದಿಸಿ, ಒಳಗೆ ಬೆರಳು ಹಿಡಿಯುವುದು. ಎರಡು ಬೆರಳು ಹಿಡಿದರೆ ಎರಡು, ಐದೂ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಹಿಡಿದವರಿಬ್ಬರಿಗೂ ಗೊತ್ತಿರುತ್ತದೆ. ಸುತ್ತ ನಿಂತ ಹತ್ತು ಮಂದಿಗೆ ಟುವಾಲು ಬಿಟ್ಟರೆ ಬೇರೇನೂ ಕಾಣದು. ಈಗ ಮಾರುಕಟ್ಟೆಗೆ ಕಂಪ್ಯೂಟರ್ ಬಂದಿದೆ. ಆದರೂ ಹಳೇ ರೈತರು ಹೊಲದ ಬದುವಿನಲ್ಲಿ ಮಾಲು ತೋರಿಸಿ, ಭುಜದ ಟುವಾಲು ತೆಗೆದು ಕೈಮೇಲೆ ಹಾಕುತ್ತಾರೆ. ಬೆರಳು ದರ ಹೇಳಿದರೆ, ಅಂಗೈ ಮನುಷ್ಯನನ್ನು ಹೇಳುತ್ತದೆ. ಕೊಡಲೇಬೇಕಾದ ಗರಜು ಇದ್ದವನ ಅಂಗೈ ಬೇರೆ, ಇಲ್ಲದವನದು ಬೇರೆ. ಹೊಸಬರಿಗೆ ನಾನು ಯಾವಾಗಲೂ ಹೇಳುವುದಿದೆ: ಮುಖ ಕಲ್ಲು ಮಾಡಿಕೊಳ್ಳುವುದು ಸುಲಭ, ಮೊದಲು ಅಂಗೈಯನ್ನು ಕಲ್ಲು ಮಾಡಿಕೊಳ್ಳಿ.

ಡಾಕ್ಟರು ಎರಡು ಸಲಕ್ಕೆ ಇಳಿಯಲಿಲ್ಲ. ಸಕ್ಕರೆ ಕಾಯಿಲೆ ನನ್ನ ಎರಡೂ ಕಿಡ್ನಿಗಳನ್ನು ತಿಂದು ಮುಗಿಸುತ್ತಿದೆ ಎಂದು ಚಿತ್ರ ಬರೆದು ತೋರಿಸಿದರು. ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸುವ ಸಣ್ಣ ಆಪರೇಷನ್ ಮೊದಲೇ ಮಾಡಿಸಬೇಕು, ಆ ನಾಳ ದಪ್ಪಗಾಗಿ ಸೂಜಿ ತಡೆಯುವಂತಾಗಲು ಕೆಲವು ವಾರ ಬೇಕು ಎಂದರು. ಅದಕ್ಕೆ ಒಪ್ಪಿದೆ. ಮುಂಗಡದ ಇಸಾರ ಕೊಟ್ಟ ಮಾತ್ರಕ್ಕೆ ಮಾಲು ಎತ್ತಲೇಬೇಕೆಂದು ಕಾನೂನಿಲ್ಲವಲ್ಲ. ಕೈ ತಯಾರಾಯಿತು. ನಾಳದ ಮೇಲೆ ಬೆರಳಿಟ್ಟರೆ ದೂರದಲ್ಲಿ ಹಿಟ್ಟಿನ ಗಿರಣಿ ನಡೆದಂತೆ ಗುರ್ ಅನ್ನುತ್ತಿತ್ತು. ಬಿಸಿಲಲ್ಲೂ ತುಂಬು ತೋಳಿನ ಅಂಗಿ ಹಾಕಿ, ಗುಂಡಿ ಬಿಗಿದು ತಿರುಗಾಡತೊಡಗಿದೆ. ಡಯಾಲಿಸಿಸ್ ಮಾತ್ರ ಶುರು ಮಾಡಲಿಲ್ಲ.

ಯಾಕೆಂದರೆ ನನಗೆ ಒಂದು ಲೆಕ್ಕಾಚಾರ ಇತ್ತು. ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಸದ ಅಂಕಿ ಪ್ರತಿ ಸಲ ಏರುತ್ತಿತ್ತು. ತೊಗರಿಯ ದರ ಏರಿದ್ದನ್ನೂ ನೋಡಿದ್ದೇನೆ, ಬಿದ್ದದ್ದನ್ನೂ ನೋಡಿದ್ದೇನೆ. ಏರಿದ್ದು ಇಳಿಯಲೇಬೇಕು, ತಡೆಯುವ ಎದೆ ಇದ್ದವನು ತಡೆಯಬೇಕು. ಹಾಗೆ ನಾನು ಡಯಾಲಿಸಿಸ್ಸಿನ ಖರೀದಿಯನ್ನು ತಡೆಹಿಡಿದು ದರ ಇಳಿಯಲೆಂದು ಕಾಯುತ್ತಾ ಕುಳಿತೆ. ಕಾಲು ಊದಿದವು. ರೊಟ್ಟಿ ಕಬ್ಬಿಣ ನೆಕ್ಕಿದ ಹಾಗೆ ರುಚಿಸತೊಡಗಿತು. ಬೆಳಿಗ್ಗೆ ಹಲ್ಲುಜ್ಜುವಾಗ ಓಕರಿಕೆ. ಹೆಂಡತಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟು ಓಕರಿಸುತ್ತಿದ್ದೆ. ನೀರು ದಂಡ ಮಾಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು.

ಜೇವರ್ಗಿ ಕಡೆ ಬೇರು ಕೊಡುವವನೊಬ್ಬನಿದ್ದಾನೆಂದು ಯಾರೋ ಹೇಳಿದರು, ಅಲ್ಲಿಗೂ ಹೋದೆ. "ಗುಣಾ ಆಗಲಿಲ್ಲಂದ್ರ ಬೇರು ವಾಪಸ್ ತಗೋತೀಯೇನು?" ಎಂದು ಕೇಳಿದೆ. ಅವನು ದೇವರ ಕಡೆ ಕೈ ತೋರಿಸಿದ. ಮಾಲಿನ ಜವಾಬ್ದಾರಿಯನ್ನು ದೇವರ ಮೇಲೆ ಹಾಕುವವನ ಹತ್ತಿರ ಖರೀದಿ ಮಾಡಬೇಡಿ. ನಾನು ಮಾಡಲಿಲ್ಲ. ಅಷ್ಟು ಬುದ್ಧಿ ಉಳಿದಿತ್ತು.

ನಿಜ ಏನೆಂದರೆ ನಾನು ಅಂಜಿದ್ದೆ. ನಮ್ಮ ಪಕ್ಕದ ಮನೆಯವನೊಬ್ಬ ಡಯಾಲಿಸಿಸ್ ಹಚ್ಚಿದ ಮೂರನೇ ವಾರಕ್ಕೆ ತೀರಿಕೊಂಡಿದ್ದ. ಮೈಯೊಳಗಿನ ರಕ್ತ ಹೊರಗೆ ಬಂದು, ಕಣ್ಣೆದುರೇ ಕೊಳವೆಯಲ್ಲಿ ತಿರುಗಾಡಿ ಒಳಗೆ ಹೋಗುವುದನ್ನು ನೆನೆದರೆ ಡಾಕ್ಟರ ಚೀಟಿಯನ್ನು ಮಡಚಿ ಮತ್ತೆ ಕಿಸೆಗೆ ಹಾಕಿಬಿಡುತ್ತಿದ್ದೆ. ಒಮ್ಮೆ ಹತ್ತಿದರೆ ಇಳಿಯಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಬಾಗಿಲು ಒಂದೇ ಇರುವ ಗೋದಾಮಿಗೆ ನಾನು ಎಂದೂ ಮಾಲು ಹಾಕಿದವನಲ್ಲ.

ಕೊನೆಗೆ ಹೆಂಡತಿಯೇ ಒಂದು ದಿನ ನಲ್ಲಿ ಬಂದ್ ಮಾಡಿ ಹೇಳಿದಳು, "ರೀ, ಒಮ್ಮೆ ಹೋಗಿ ನೋಡಿ ಬರ್ರಿ. ಮಾಲು ನೋಡ್ದೆ ದರ ಮಾತಾಡಬ್ಯಾಡ್ರಿ ಅಂತ ಮಂದಿಗೆಲ್ಲ ಹೇಳ್ತೀರಿ. ನೀವು ನೋಡೀರೇನು?"

ನನ್ನ ತೂಕದ ಕಲ್ಲನ್ನೇ ನನ್ನ ತಕ್ಕಡಿಗೆ ಹಾಕಿದ್ದಳು. ಆಳಂದದಲ್ಲೇ ಯಂತ್ರವಿತ್ತು. ಆದರೆ ಅಲ್ಲಿ ಕಾಲಿಟ್ಟರೆ ಸಂಜೆಯೊಳಗೆ ಇಡೀ ಮಾರುಕಟ್ಟೆಗೆ ಗೊತ್ತಾಗುತ್ತದೆ. ನಾಳೆ ಇರುತ್ತಾನೋ ಇಲ್ಲವೋ ಎಂಬ ದಲಾಲನಿಗೆ ಯಾವ ರೈತ ಮಾಲು ಕೊಟ್ಟಾನು? ಡಾಕ್ಟರ ಚೀಟಿ ಹಿಡಿದು ಅಫಜಲಪುರದ ಬಸ್ಸು ಹತ್ತಿದೆ.

ಅಲ್ಲಿನ ಆಸ್ಪತ್ರೆಯಲ್ಲಿ ನಾಲ್ಕು ಮಂಚ, ನಾಲ್ಕು ಯಂತ್ರ. ಕಿಟಕಿ ಪಕ್ಕದ ಮಂಚದಲ್ಲಿ ಬಿಳಿ ಮೀಸೆಯ ಮುದುಕರೊಬ್ಬರು ಎಡಗೈಗೆ ಕೊಳವೆ ಹಚ್ಚಿಸಿಕೊಂಡು, ಬಲಗೈಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಸಿಸ್ಟರ್ ಚೀಟಿ ಓದಿ, ಸ್ಟೂಲು ತೋರಿಸಿ ಹೋದಳು. ಬಹಳ ಮಾತಿನವಳಲ್ಲ.

"ನಮ್ಮ ಸಂಬಂಧಿಕರೊಬ್ಬರಿಗೆ ಬೇಕಾಗ್ಯಾದ್ರಿ ಕಾಕಾ, ಜರಾ ನೋಡಿ ಹೋಗಾಕ ಬಂದೇನಿ," ಎಂದೆ.

ಅವರು ನನ್ನ ತೋಳನ್ನು ನೋಡಿದರು. ಬಿಗಿದ ಗುಂಡಿಯ ಕೆಳಗೆ ನಾಳ ಉಬ್ಬಿ ಕಾಣುತ್ತಿತ್ತು. "ಸಂಬಂಧಿಕನ ಕೈ ನಿನಗ ಹ್ಯಾಂಗ ಬಂತಲೇ ತಮ್ಮಾ?"

ನಾನು ತೋಳನ್ನು ಬೆನ್ನ ಹಿಂದೆ ಸರಿಸಿದೆ.

"ಯಾ ಊರು?"

"ಆಳಂದ್ರಿ. ತೊಗರಿ ದಲಾಲಿ."

"ನಾ ಜೇವರ್ಗಿಯಾಂವ. ಎತ್ತಿನ ದಲಾಲಿ," ಎಂದವರು ದನಿ ತಗ್ಗಿಸಿ, "ನಮ್ಮ ಊರಾಗ ಗೊತ್ತಿಲ್ಲ. ಮಗಳ ಮನಿಗೆ ಹೋಗ್ತಾನ ಅಂತ ತಿಳಕೊಂಡಾರ. ವಾರಕ್ಕ ಮೂರು ಸಲ ಹೋಗ್ತಾನಲ್ಲ, ಅಳಿಯನ ಪಾಡೇನು ಅಂತ ಮಂದಿ ಮರಗತಾರ!" ಎಂದು ಮಂಡಕ್ಕಿ ಸಿಡಿಯುವಂತೆ ನಕ್ಕರು.

ನಾನು ಆಳಂದದಿಂದ ಬಚ್ಚಿಟ್ಟುಕೊಂಡು ಬಂದಿದ್ದೆ, ಅವರು ಜೇವರ್ಗಿಯಿಂದ. ಭೀಮಾ ಹೊಳೆಯ ಆಚೆ ಈಚೆಯ ಇಬ್ಬರು ಶಾಣ್ಯಾರು ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೆವು.

"ಡಾಕ್ಟರ ಏನು ಹೇಳ್ಯಾನ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಬಾಯಿಲೆ ಬ್ಯಾಡ. ಮಂದಿ ಅದಾರ. ಕೈ ಕೊಡು," ಎಂದು ಹೊದ್ದ ಚಾದರವನ್ನು ಬಲಗೈ ಮೇಲೆ ಎಳೆದುಕೊಂಡರು.

ನಾನು ಕೈ ಒಳಗಿಟ್ಟು ಅವರ ಮೂರು ಬೆರಳು ಹಿಡಿದೆ: ಡಾಕ್ಟರ ದರ. ಆಮೇಲೆ ಒಂದನ್ನು ಬಿಟ್ಟು ಎರಡು ಹಿಡಿದೆ: ನನ್ನ ದರ. ಅವರು ತಮ್ಮ ಬೆರಳು ಬಿಡಿಸಿಕೊಂಡು, ನನ್ನ ಕೈ ತಿರುಗಿಸಿ, ನನ್ನ ಮೂರು ಬೆರಳು ಬಿಗಿಯಾಗಿ ಹಿಡಿದರು. ನಾನು ಎಳೆದೆ. ಅವರು ಬಿಡಲಿಲ್ಲ. ಹೆಬ್ಬೆರಳನ್ನು ಮೆಲ್ಲಗೆ ನನ್ನ ಅಂಗೈಯಲ್ಲಿ ಒತ್ತಿದರು.

"ತೊಯ್ದಾದಲ್ಲೋ."

"ಸೆಕಿ ಭಾಳ ಅದ್ರಿ."

"ಸೆಕಿಗೆ ಬೆವತ ಕೈ ಬೆಚ್ಚಗಿರ್ತದ. ಇದು ತಣ್ಣಗದ." ಅವರ ಕಣ್ಣು ಯಂತ್ರದ ಕಡೆಗಿತ್ತು. "ಎತ್ತು ಮಾರಾಕ ಬಂದಾಂವ ಅಂಜಿದಾಗ ಹಿಂಗ ಇರ್ತದ. ಮುಂಜಾನಿ ಬಂದ ಗಿರಾಕಿನೆಲ್ಲ ಸರಿಯಿಲ್ಲ, ಸರಿಯಿಲ್ಲ ಅಂತ ಕಳಸ್ತಾನ. ಸಂಜಿಮುಂದ ಸಿಕ್ಕ ದರಕ್ಕ ಕೊಟ್ಟು ಹೋಗ್ತಾನ. ಸಂಜಿಗೆ ಎತ್ತಿಗೂ ದರ ಇಲ್ಲ, ಮನಶ್ಯಾಗೂ ಇಲ್ಲ."

ನಾನು ಪಕ್ಕದ ಮನೆಯವನ ಕತೆ ಹೇಳಿದೆ.

"ಅಂವ ಯಾವಾಗ ಬಂದ? ಎದ್ದು ನಡಕೋತ ಬಂದನೋ, ಎತ್ಗೊಂಡು ಬಂದ್ರೋ?"

ಎತ್ತಿಕೊಂಡು ಹೋಗಿದ್ದರು. ಉಸಿರು ಸಿಗದೆ ಮಂಚದಲ್ಲಿ ಕೂಡಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೆ. ಇಷ್ಟು ದಿನ ಆ ಕತೆಯ ಕೊನೆಯನ್ನಷ್ಟೇ ಎಲ್ಲರಿಗೂ ಹೇಳುತ್ತಾ ಬಂದಿದ್ದೆ.

"ಒಮ್ಮೆ ಹತ್ತಿದ್ರ ಇಳ್ಯಾಕ ಬರಂಗಿಲ್ಲ ಅಂತಾರಲ್ರಿ?"

"ಹೌದು. ನೀ ರೊಟ್ಟಿ ತಿನ್ನಾಕ ಹತ್ತಿ ಎಷ್ಟು ವರ್ಷ ಆತು? ಇಳದೀಯೇನು?"

"ನೋವು?"

"ಸೂಜಿ ನೋಯಸ್ತದ. ಒಮ್ಮೊಮ್ಮೆ ಮೀನಖಂಡ ಹಿಡೀತದ, ತಲಿ ತಿರಗ್ತದ. ಸುಳ್ಳ ಹೇಳಂಗಿಲ್ಲ. ಸುಳ್ಳು ಎತ್ತು ಮಾರುವಾಗ ಅಷ್ಟ." ಮತ್ತೆ ನನ್ನ ಮೂರು ಬೆರಳು ಅದುಮಿದರು. "ಮುಗೀತೇನು?"

ಮೂವತ್ತು ವರ್ಷದಲ್ಲಿ ಹೇಳಿದ ದರಕ್ಕೇ, ಒಂದು ಬೆರಳೂ ಇಳಿಸದೆ, ನಾನು ಒಪ್ಪಿದ ಸೌದಾ ಅದೊಂದೇ. ಚಾದರದ ಕೆಳಗೆ ಅವರ ಅಂಗೈ ತಟ್ಟಿದೆ.

ಮುಂದಿನ ವಾರ ಅಫಜಲಪುರದಲ್ಲೇ ಡಯಾಲಿಸಿಸ್ ಶುರುವಾಯಿತು. ಹೆಂಡತಿ ಬಾಗಿಲ ಹೊರಗೆ ಕೂತಳು. ಸೂಜಿ ಹೋಗುವಾಗ ನಾನು ಕಿಟಕಿ ನೋಡಿದೆ. ರಕ್ತ ಕೊಳವೆಯಲ್ಲಿ ಓಡಿದ್ದನ್ನು ಮೊದಲ ದಿನ ನೋಡಲಿಲ್ಲ. ಎರಡನೇ ದಿನ ಕಳ್ಳಗಣ್ಣಿನಿಂದ ನೋಡಿದೆ. ಮೂರನೇ ದಿನ ಅದರ ಬಣ್ಣ ಕಾಕಾನದಕ್ಕಿಂತ ಚಲೋ ಇದೆ ಎಂದು ವಾದಿಸಿದೆ. ಮೀನಖಂಡ ಹಿಡಿಯಿತು, ಅವರು ಹೇಳಿದ ಹಾಗೆಯೇ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ರೊಟ್ಟಿಯ ಹಾಗೇ ರುಚಿಸಿತು. ಇನ್ನೊಂದು ಕೇಳಿದೆ. ಹೆಂಡತಿ ಒಲೆಯ ಕಡೆ ತಿರುಗಿ ಬಹಳ ಹೊತ್ತು ರೊಟ್ಟಿ ಬಡಿದಳು.

ಗುಟ್ಟು ಮಾತ್ರ ಬಹಳ ದಿನ ಉಳಿಯಲಿಲ್ಲ. "ಅಫಜಲಪುರ ಕಡೆ ಮಾಲು ನೋಡಾಕ ಹೋಗ್ತೇನಿ," ಎಂದು ಮಾರುಕಟ್ಟೆಯಲ್ಲಿ ಹೇಳಿದ್ದೆ. ವಾರಕ್ಕೆ ಮೂರು ಸಲ ಹೋಗುತ್ತಾನೆಂದರೆ ಅಲ್ಲಿ ಎಂಥ ಮಾಲು ಸಿಕ್ಕಿರಬೇಕು ಎಂದು ಇನ್ನೊಬ್ಬ ದಲಾಲ ಕರಜಗಿ, ಸೊನ್ನ ಎಂಬ ಅಲ್ಲಿನ ಹಳ್ಳಿಗಳನ್ನೆಲ್ಲ ಸುತ್ತಿ, ಎಲ್ಲಿ ನೋಡಿದರೂ ಕಬ್ಬೇ ಕಂಡು, ಕೊನೆಗೆ ನನ್ನ ಬಸ್ಸಿನ ಬೆನ್ನು ಹತ್ತಿ ಬಂದ. ಬಾಗಿಲಲ್ಲಿ ನಿಂತು ಯಂತ್ರ ನೋಡಿದ, ನನ್ನನ್ನು ನೋಡಿದ.

"ಇದೇನ್ರಿ ಸಾಹುಕಾರ್ರ?"

"ಇದ ನೋಡು ಮಾಲು. ನಿನಗೂ ಸಕ್ಕರಿ ಅದ ಅಲ್ಲ? ರಕ್ತ ತಪಾಸ ಮಾಡಿಸೀಯೇನು?" ಎಂದೆ. ಅವನ ಮುಖ ಇಳಿಯಿತು. ಮರುದಿನ ಇಡೀ ಮಾರುಕಟ್ಟೆಗೆ ಸುದ್ದಿ ಮುಟ್ಟಿತು. ಆಶ್ಚರ್ಯವೆಂದರೆ ರೈತರು ಮಾಲು ಕೊಡುವುದನ್ನು ಬಿಡಲಿಲ್ಲ. ದರ ಮಾತಾಡುವ ಮೊದಲು ತಮ್ಮ ತಮ್ಮ ಮೂತ್ರದ ಬಣ್ಣ ಹೇಳತೊಡಗಿದರು. ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತೇನೆ: ಮುಂಜಾನೆಯೇ ಡಾಕ್ಟರ ಹತ್ತಿರ ಹೋಗಿ, ಸಂಜೆಯವರೆಗೆ ತಡೆಯಬೇಡಿ. ಹತ್ತು ಗಂಟೆಯ ಮುಂಜಾನೆ ಎಂದು ಕೆಲವರು ತಿಳಿದಿದ್ದಾರೆ. ಇರಲಿ, ಹೋದರೆ ಸಾಕು.

"ಎಲ್ಲರಿಗೂ ಗೊತ್ತಾತಲ್ಲ, ಇನ್ನ ಆಳಂದದಾಗ ಮಾಡಿಸ್ಕೋರಿ," ಎಂದಳು ಹೆಂಡತಿ. ಬಸ್ಸು ಚಲೋ ಇದೆ ಎಂದೆ. ಅವಳು ನಂಬಲಿಲ್ಲ, ಒತ್ತಾಯಿಸಲೂ ಇಲ್ಲ.

ಹೋದ ಶನಿವಾರ ಮೂರೂವರೆ ತಾಸು ಮುಗಿದಿತ್ತು. ಕಾಕಾ ಪಕ್ಕದ ಮಂಚದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. "ಸಿಸ್ಟರ್, ಇವತ್ತು ಇಷ್ಟಕ್ಕ ಬಿಡ್ರಿ. ಮೂರೂವರಿ ಅಂದ್ರ ನಾಲ್ಕ ಆದಂಗ. ಬಸ್ಸು ತಪ್ಪತದ," ಎಂದೆ.

ಅವಳು ಗಡಿಯಾರ ನೋಡಿದಳು. ಹತ್ತಿರ ಬಂದು, ಚಾದರದ ಕೆಳಗೆ ಕೈ ಹಾಕಿ, ನನ್ನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದು ಜೋರಾಗಿ ಅದುಮಿದಳು. ಕಾಕಾ ಯಾವಾಗ ಕಲಿಸಿದ್ದರೋ. ನಾನು ಒಂದು ಬೆರಳು ಬಿಡಿಸಿಕೊಳ್ಳಲು ನೋಡಿದೆ, ಹಿಡಿತ ಬಿಗಿಯಾಯಿತು.

ನನ್ನ ಅಂಗೈ ತೊಯ್ದಿತ್ತೋ ಒಣಗಿತ್ತೋ, ಅವಳಿಗೆ ತಿಳಿದಿರಲಾರದು. ಕೈಗೆ ಗ್ಲೌಸ್ ಹಾಕಿದ್ದಳು.