ಗುಟ್ಟು ಬಿಡದ ಎವಾರಿಸ್ಟೊ

ಹುವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸೀಗಡಿ ಹಿಡಿಯುವವರೆಲ್ಲ ಗುಟ್ಟಿನವರೇ, ಆದರೆ ಎವಾರಿಸ್ಟೊ ಗುಟ್ಟಿನಲ್ಲಿ ಅವರಿಗೆಲ್ಲ ಅಪ್ಪ. ದಡದ ಒಂದು ಬಂಡೆ, ಬೆಟ್ಟದ ಒಂದು ಮರ, ಇವೆರಡೂ ಒಂದೇ ಗೆರೆಗೆ ಬಂದ ಕಡೆ ಲಾಬ್‌ಸ್ಟರ್ ಬೀಳುವ ಬುಟ್ಟಿಯನ್ನು ಕಡಲಿಗೆ ಇಳಿಸಬೇಕೆಂದು ಇಲ್ಲಿ ಪ್ರತಿ ಮನೆತನಕ್ಕೂ ತಂದೆಯಿಂದ ಬಂದ ಗುರುತಿದೆ. ಅದನ್ನು ಇನ್ನೊಬ್ಬರ ಮುಂದೆ ಬಾಯಿಬಿಡುವುದುಂಟೇ? ಎವಾರಿಸ್ಟೊನಂತೂ ಬ್ರೆಡ್ ಎಲ್ಲಿ ಕೊಂಡೆ ಎಂದು ಕೇಳಿದರೂ "ಅಲ್ಲೇ ಎಲ್ಲೋ" ಎನ್ನುತ್ತಾನೆ. ಬೇರೆ ದೋಣಿ ಕಂಡರೆ ಸುಮ್ಮನೆ ಗಾಳ ಇಳಿಬಿಟ್ಟು, ಮೀನಿಗೆ ಬಂದವನಂತೆ ಸಿಳ್ಳೆ ಹೊಡೆಯುತ್ತಾನೆ. "ಇವರು ಸತ್ತರೂ ಸಮಾಧಿ ಎಲ್ಲಿ ಅಂತ ನಂಗೆ ಹೇಳಲ್ಲ" ಎಂದು ಹೆಂಡತಿ ನೋಲ್ಫಾ ನಗುತ್ತಾಳೆ. ತನ್ನ ಗುರುತಿನ ಮರ ನೆಟ್ಟಗಿದೆಯೇ ಎಂದು ಆಗಾಗ ಬೆಟ್ಟ ಹತ್ತಿ ನೋಡಿಬರುವ ಈ ಮನುಷ್ಯ ಈ ವಸಂತದಲ್ಲಿ ಅದರ ಕೊಂಬೆಯಲ್ಲೊಂದು ಗೂಡು ಕಂಡ: ಹೂವಿನ ಜೇನು ಕುಡಿಯುವ, ಈ ದ್ವೀಪ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ, ಇಲ್ಲೂ ಮುಗಿಯುತ್ತಾ ಬಂದ ಕೆಂಪು ಹಕ್ಕಿಯದು. ಮರುವಾರವೇ ಹಕ್ಕಿ ಉಳಿಸುವ ತಂಡದವರು ಆ ಇಳಿಜಾರಿನಲ್ಲಿ ಹೊರಗಿಂದ ಬಂದು ಹಬ್ಬಿ ಹಕ್ಕಿಯ ಹೂಗಿಡಗಳನ್ನು ನುಂಗುತ್ತಿದ್ದ ಮುಳ್ಳುಪೊದೆ ಕಡಿಯಲು ಹೊರಟು, ಗೂಡಿರುವ ಮರ ಯಾರಿಗಾದರೂ ಗೊತ್ತೇ ಎಂದು ದೋಣಿಕಟ್ಟೆಯಲ್ಲಿ ಕೇಳಿದರು. ಎವಾರಿಸ್ಟೊ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಆಮೇಲೆ ಎಲ್ಲರೆದುರು ಗಟ್ಟಿಯಾಗಿ ಹೇಳಿದ: "ಕಡಲಿಂದ ನೋಡಿದ್ರೆ ಗೂನುಬಂಡೆ ನೆತ್ತಿಗೆ ನೇರವಾಗಿ ಒಂದು ಕವಲುಮರ ಕಾಣುತ್ತೆ. ಗೂಡು ಅದರಲ್ಲೇ ಇದೆ. ಅದರ ಹತ್ರ ಕತ್ತಿ ತರಬೇಡಿ." ಅಪ್ಪನಿಂದ ಬಂದ ಗುರುತು, ಬಂಡೆ ಮರ ಎರಡೂ, ಊರೆದುರು ಬಯಲಾಗಿತ್ತು. ಕಟ್ಟೆಯ ಮೇಲೆ ಗಾಳಿಯ ಸುಳಿವೂ ಇರಲಿಲ್ಲ. ಆದರೂ ಅವನ ಹಳೆಯ ಎದುರಾಳಿ ಬೌದಿಲಿಯೊ ಕಿವಿ ಉಜ್ಜಿಕೊಂಡ: "ಅಬ್ಬಾ, ಏನು ಗಾಳಿ ಮಾರಾಯ! ಕವಲುಮರ ಅಂದಿದ್ದು ಕೇಳಿಸ್ತು. ಬಂಡೆ ವಿಷಯ ನಮ್ಮಲ್ಲಿ ಯಾರಿಗೂ ಕೇಳಿಸ್ಲಿಲ್ಲ ಕಣೋ."