ರದೀಮನ ಎದೆ

ವ್ಲಾಸ್ತಕ್ಕನಿಗೆ ಮಕ್ಕಳಿಲ್ಲ ಎಂದು ಯಾರಾದರೂ ಅಂದರೆ ನಮ್ಮ ಮೃಗಾಲಯದಲ್ಲಿ ನಗುತ್ತಿದ್ದರು. ಗೊರಿಲ್ಲಾ ಮನೆಯಲ್ಲಿ ರದೀಮ ಇದ್ದನಲ್ಲ! ಬಾಟಲಿ ಹಾಲು ಕುಡಿಸಿ ಸಾಕಿದವಳು ಅವಳೇ. ಚೆಕ್ ದೇಶದ ಮೊರಾವಿಯಾದವರಾದ ನಾವು ಹುಟ್ಟುಹಬ್ಬ ಮರೆತರೂ ಕ್ಯಾಲೆಂಡರಿನಲ್ಲಿ ನಮ್ಮ ಹೆಸರಿರುವ ದಿನವನ್ನು ಮರೆಯುವವರಲ್ಲ. ಆಗಸ್ಟಿನಲ್ಲಿ ರದೀಮನ ಹೆಸರಿನ ದಿನ ಬಂದರೆ ಪ್ಲಮ್ ಜಾಮು ತುಂಬಿದ ಬನ್ನು, ಉಳಿದ ದಿನ ಚಮಚದಲ್ಲಿ ಅದೇ ಜಾಮು. ಆ ಚಮಚ ತೋರಿಸಿಯೇ ಅವಳು ಅವನಿಗೆ ಜಾಲರಿಗೆ ಎದೆಯೊಡ್ಡಿ ನಿಲ್ಲುವುದನ್ನು ಕಲಿಸಿದ್ದಳು. ಹಾಗೆ ನಿಂತರೆ ಅರಿವಳಿಕೆ ಕೊಡದೆಯೇ ಡಾಕ್ಟರ್ ಒತಕರ್ ಅವನ ಹೃದಯದ ಸ್ಕ್ಯಾನ್ ಮಾಡುತ್ತಿದ್ದರು.

ಈ ವಸಂತದಲ್ಲಿ ಸ್ಕ್ಯಾನ್ ನೋಡಿ ಅವರ ಮುಖ ಸಪ್ಪಗಾಯಿತು.

"ಹೃದಯದ ಗೋಡೆ ದಪ್ಪ ಆಗಿದೆ ವ್ಲಾಸ್ತಮ್ಮ. ಮೃಗಾಲಯದ ಗಂಡು ಗೊರಿಲ್ಲಾಗಳಿಗೆ ಇದು ಜಾಸ್ತಿ."

"ನನ್ನ ಜಾಮಿನಿಂದಲಾ?"

"ಗೊತ್ತಿಲ್ಲ."

"ಕೂತಲ್ಲೇ ಕೂತು ಮೈ ಬಂದಿದ್ದಕ್ಕಾ?"

"ಸರಿಯಾಗಿ ಯಾರಿಗೂ ಗೊತ್ತಿಲ್ಲಮ್ಮ. ಮಾತ್ರೆ ಶುರು ಮಾಡೋಣ. ಆಗಾಗ ನೋಡ್ತಿದ್ರೆ ತಾನೇ ಎಷ್ಟು ಕೊಡ್ಬೇಕು ಅಂತ ತಿಳಿಯೋದು?"

"ಗೊತ್ತಿಲ್ಲ ಅನ್ನೋಕೆ ಅಷ್ಟೆಲ್ಲ ಓದ್ಬೇಕಿತ್ತಾ?" ಎಂದು ಅವಳು ರೇಗಿದಳು.

ಅಂದೇ ಜಾಮು ನಿಂತಿತು. ರದೀಮ ಮಾತ್ರೆಯಿಟ್ಟ ಆಲೂಗಡ್ಡೆ ನುಂಗಿ, ಬೆನ್ನು ತಿರುಗಿಸಿ ಕೂರತೊಡಗಿದ. ಎದೆ ಕೊಡಲೊಲ್ಲ. ಜಾಮು ಕೊಟ್ಟರೆ ಹೃದಯಕ್ಕೆ ಕೇಡೋ ಏನೋ. ಕೊಡದಿದ್ದರೆ ಹೃದಯ ನೋಡುವಂತಿಲ್ಲ. ಪಕ್ಕದ ಆನೆ ಲಾಯದಲ್ಲಿ ಹುಲ್ಲು ಹಾಕುವ ನನ್ನನ್ನು ಬಂದು, ಏನು ಮಾಡಲಿ ಎಂದು ಕೇಳಿದಳು.

"ಒಂದು ಚಮಚ ಕೊಡಕ್ಕ, ಏನಾಗಲ್ಲ."

"ಏನಾಗಲ್ಲ ಅಂತ ನಿಂಗೊತ್ತಾ?"

ನನಗೇನು ಗೊತ್ತು? ಸುಮ್ಮನೆ ಬಾಯಿ ಹಾಕಿದೆನೆಂದು ನಾಚಿಕೆಯಾಯಿತು.

ಹೆಸರಿನ ದಿನ ಅವಳು ಬರಿಗೈಯಲ್ಲಿ ಬಂದಳು; ಜತೆಗೆ ಸ್ಕ್ಯಾನ್ ಯಂತ್ರ ಹಿಡಿದ ಡಾಕ್ಟರು, ಹಿಂದೆ ನಾನು. ರದೀಮ ಅವಳ ಕೈ ನೋಡಿ ಮುಖ ತಿರುಗಿಸಿದ. ಅವಳು ಕೆಲಸದ ಕೋಟಿನ ಗುಂಡಿ ಬಿಚ್ಚಿ ತನ್ನ ಎದೆಯನ್ನೇ ಜಾಲರಿಗೆ ಒತ್ತಿದಳು.

"ನೋಡೋ, ನಂಗೂ ಒಂದಿದೆ. ಬಾರೋ ಮಗನೇ."

ತುಂಬ ಹೊತ್ತಾದ ಮೇಲೆ ಅವನು ಎದ್ದು ಬಂದು, ಆಚೆಯಿಂದ ಸರಿಯಾಗಿ ಅಲ್ಲಿಗೇ ಎದೆಯೊಡ್ಡಿದ.

"ಸ್ವಲ್ಪ ಸರೀರಿ ವ್ಲಾಸ್ತಮ್ಮ, ನಂಗೆ ಜಾಗ ಇಲ್ಲ," ಎಂದರು ಡಾಕ್ಟರು.

ಅವಳು ಸರಿದಳು. ಅವನೂ ಸರಿದ. ಮತ್ತೆ ಸರಿದಳು, ಮತ್ತೆ ಅವನೂ. ನನಗೆ ನಗು ಬಂತು. ಕೊನೆಗೆ ಡಾಕ್ಟರು ನೆಲಕ್ಕೆ ಮಂಡಿಯೂರಿ, ಅವಳ ತೋಳಿನಡಿಯಿಂದ ಕೈ ತೂರಿಸಿ ಸ್ಕ್ಯಾನ್ ಮಾಡಿದರು.

"ಹಿಂದಿನಷ್ಟೇ ಇದೆ. ಹೆಚ್ಚಾಗಿಲ್ಲ."

"ಮಾತ್ರೆಯಿಂದಲಾ? ಜಾಮು ಬಿಟ್ಟಿದ್ದಕ್ಕಾ?"

ಡಾಕ್ಟರು ಯಂತ್ರ ಮಡಚಿದರು. "ಮುಗೀತು. ಇನ್ನು ಈಚೆ ಬನ್ನಿ."

"ಬಂದ್ರೆ, ಮೋಸ ಹೋದೆ ಅಂದ್ಕೊಳ್ತಾನಾ ಡಾಕ್ಟ್ರೇ?"

"ಗೊತ್ತಿಲ್ಲ," ಎಂದರು ಅವರು.

ವ್ಲಾಸ್ತಕ್ಕ ಅಲ್ಲೇ ನಿಂತಳು.