ಮೂಗಣ್ಣನೂ ನಾಲ್ಕು ಗಾಲಿಯ ರಸಿಕರೂ

ಹಳೇ ಕಾರು ಕೊಳ್ಳಲು ಬಂದವರು ಬಾನೆಟ್ ಎತ್ತಿ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ, ಏನೂ ತಿಳಿಯದಿದ್ದರೆ ಹಾರ್ನ್ ಒತ್ತಿ ತಲೆಯಾಡಿಸುತ್ತಾರೆ. ಮೂಗಣ್ಣ ಹಾಗಲ್ಲ. ಬಾಗಿಲು ತೆರೆದು, ತಲೆ ಒಳಗಿಟ್ಟು, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಾನೆ. ನೆನೆದ ಗೋಣಿಯ ವಾಸನೆ ಬಂದರೆ ಗಾಡಿ ನೆರೆಯಲ್ಲಿ ಮುಳುಗಿ ಎದ್ದದ್ದು. ಸಕ್ಕರೆ ಪಾಕದಂಥ ಸಿಹಿ ಬಂದರೆ ರೇಡಿಯೇಟರಿನ ದ್ರವ ಒಳಗೆಲ್ಲೋ ಸೋರುತ್ತಿದೆ. ಸೀದ ವಾಸನೆ ಬಂದರೆ ಕ್ಲಚ್ಚು ಕೊನೆಯುಸಿರು ಎಳೆಯುತ್ತಿದೆ. ಅತ್ತರಿನ ಘಮ ಬಂದರೆ ಮಾತ್ರ ತಲೆ ಹೊರಗೆಳೆದು ಮಾರುವವನ ಮುಖ ನೋಡುತ್ತಾನೆ. ಘಮಘಮ ಅಂದಷ್ಟೂ ಒಳಗೆ ಕೊಳೆತದ್ದು ಹೆಚ್ಚು ಎಂಬುದು ಅವನ ಲೆಕ್ಕ, ಕಾರಿಗೂ ಮನುಷ್ಯರಿಗೂ.

ಹೆತ್ತವರು ಇಟ್ಟ ಹೆಸರು ಹೀಗೆ ಎಂದೋ ಹಿಂದೆ ಬಿದ್ದುಹೋಯಿತು. ಎಳೆ ವಯಸ್ಸಿನಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಾಡಿ ತೊಳೆಯುತ್ತಿದ್ದವನು. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರು, ಏನು ಕುಡಿದಿದ್ದರು, ಯಾವ ತಿರುವಿನಲ್ಲಿ ಯಾರ ಹೊಟ್ಟೆ ತೊಳಸಿತು ಎಂಬುದನ್ನೆಲ್ಲ ಮೂಗಿನಿಂದಲೇ ಓದಿ ಕಲಿತ. ಈಗ ಬಸ್ ಡಿಪೋ ಹಿಂದೆ ತಗಡಿನ ಕಾಂಪೌಂಡು ಹಾಕಿದ ಸ್ವಂತ ಅಂಗಳವಿದೆ. ಮೂಲೆಯಲ್ಲಿ ಒಂದು ಕೋಣೆ, ಗೋಡೆ ತುಂಬ ಮೊಳೆ, ಮೊಳೆಗೊಂದು ಬೀಗದಕೈ. ಆ ತುದಿಗೆ ಗಾಡಿ ಹತ್ತಿಸಿ ತೊಳೆಯುವ ಸಿಮೆಂಟಿನ ಇಳಿಜಾರು, ಸದಾ ಸೋಪಿನ ನೊರೆಯಿಂದ ಜಾರುವಂಥದು. ಮನೆಯಲ್ಲೂ ತಟ್ಟೆ ಮುಂದೆ ಬಂದ ಕೂಡಲೇ ಅವನ ಮೂಗಿನ ಹೊಳ್ಳೆ ಅರಳುತ್ತದೆ. "ತಿನ್ನಿ ತಿನ್ನಿ, ಸೆಕೆಂಡ್ ಹ್ಯಾಂಡ್ ಊಟ ಅಲ್ಲ ಅದು," ಎನ್ನುತ್ತಾಳೆ ಹೆಂಡತಿ.

ಅಂಥ ಮೂಗಿಗೆ ಭಾನುವಾರ ಬಂತೆಂದರೆ ಸಂಕಟ. ಆ ಹೆಂಡತಿಯ ತಮ್ಮ ಕಾಲೇಜಿನಲ್ಲಿ ಪಾಠ ಹೇಳುವವನು. ವಾರವಿಡೀ ಮಾತಾಡಿದ್ದು ಸಾಲದೆ ಭಾನುವಾರ ತನ್ನ ಗೆಳೆಯರನ್ನು ಕಟ್ಟಿಕೊಂಡು ಭಾವನ ಅಂಗಳಕ್ಕೆ ಬರುತ್ತಿದ್ದ. ಗುಂಪಿಗೆ ಹಿರಿಯರು ಒಬ್ಬ ಹಲ್ಲಿನ ಡಾಕ್ಟರು. ಎಲ್ಲರದೂ ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿ. ಬೇರೆ ಗಾಡಿಗಳಲ್ಲಿ ಎಂಜಿನ್ನು ಮುಂದಿನ ಜೋಡಿಯನ್ನೋ ಹಿಂದಿನ ಜೋಡಿಯನ್ನೋ ತಿರುಗಿಸಿ ಸುಮ್ಮನಾದರೆ, ಇವುಗಳಲ್ಲಿ ನಾಲ್ಕೂ ದುಡಿಯಬೇಕು. ಕೆಸರಿಗೆ, ಹಿಮಕ್ಕೆ, ಏರಿಗೆ ಎಂದು ಮಾಡಿದ ಏರ್ಪಾಡು ಅದು. ಈ ರಸಿಕರ ಗಾಡಿಗಳು ಕೆಸರನ್ನು ಕಂಡದ್ದೇನಾದರೂ ಇದ್ದರೆ ಷೋರೂಮಿನ ಪೋಸ್ಟರಿನಲ್ಲಿ. ನುಣ್ಣನೆಯ ಟಾರು ರಸ್ತೆಯಲ್ಲಿ ಊರು ಸುತ್ತಿ ಬಂದು, ತಗಡಿನ ನೆರಳಲ್ಲಿ ಸಾಲಾಗಿ ನಿಲ್ಲಿಸಿ, ಮೂಗಣ್ಣನ ಚಹಾ ಕುಡಿಯುತ್ತ ಅವರು ಮಾಡುತ್ತಿದ್ದದ್ದು ಒಂದೇ ಕೆಲಸ: ಯಾರ ಗಾಡಿಯ ಫೀಲ್ ಹೇಗೆ ಎಂಬ ವಿಚಾರಣೆ. ಫೀಲ್ ಎಂಬ ಮಾತು ಅವರ ಬಾಯಲ್ಲಿ ಹಲ್ಲಿಗಿಂತ ಹೆಚ್ಚಿತ್ತು.

"ತಿರುವಲ್ಲಿ ನನ್ನ ಗಾಡಿ ಹಿಂದಿನ ಗಾಲಿ ತಳ್ಳಲ್ಲ ಸ್ವಾಮಿ," ಎಂದರು ಹಲ್ಲಿನ ಡಾಕ್ಟರು. "ಕಿವೀಲಿ ಹೇಳತ್ತೆ. ನಾನಿದೀನಿ, ನೀನು ಹೋಗು ಅಂತ."

"ನಿಮ್ದು ಹೇಳತ್ತೆ. ನಂದು ಹೇಳೋದೂ ಇಲ್ಲ," ಎಂದ ಬಾಮೈದ. "ಸುಮ್ನೆ ಗೊತ್ತಾಗತ್ತೆ."

"ಎಲ್ಲಿ ಗೊತ್ತಾಗತ್ತಪ್ಪ?" ಕೋಣೆಯೊಳಗಿಂದ ಮೂಗಣ್ಣ ಕೇಳಿದ.

"ಸೊಂಟದಲ್ಲಿ, ಭಾವ."

"ಸೊಂಟದಲ್ಲಿ ಗೊತ್ತಾದ್ರೆ ಎಣ್ಣೆ ಹಚ್ಕೋಬೇಕು. ನಮ್ಮಪ್ಪನಿಗೂ ಗೊತ್ತಾಗ್ತಿತ್ತು, ಮೋಡ ಮುಚ್ಚಿದಾಗ."

ಅವರು ನಕ್ಕರು. ಮೂಗಣ್ಣ ನಗಲಿಲ್ಲ. ಅವರ ಗಾಡಿಗಳಿಂದ ಏಳುತ್ತಿದ್ದ ಮೇಣದ ಪಾಲಿಶಿನ ವಾಸನೆಗೇ ಅವನಿಗೆ ಓಕರಿಕೆ ಬರುತ್ತಿತ್ತು. ದುಡಿಯುವ ವಸ್ತುವಿಗೆ ಬೆವರಿನ ನಾತ ಇರಬೇಕು. ಇವು ಮದುಮಗನ ಕರ್ಚೀಫಿನ ಹಾಗಿವೆ.

ಹಾಗೆಂದು ಮೂಗಣ್ಣ ಸನ್ಯಾಸಿಯೇನಲ್ಲ. ಶೆಡ್ಡಿನ ಒಳಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಒಂದು ಹಸಿರು ಗಾಡಿ ಇತ್ತು, ಗಟ್ಟಿಮುಟ್ಟಿನ ಕುಳ್ಳ ಗಾಡಿ. ನೆಲದಿಂದೆದ್ದ ಸಣ್ಣ ಲಿವರನ್ನು ಹಿಂದಕ್ಕೆ ಎಳೆದರೆ 'ಕಟಕ್' ಎಂದು ನಾಲ್ಕೂ ಗಾಲಿ ಒಂದಾಗುವಂಥದು. ಗಾಜಿನ ಹಿಂದೆ ರಟ್ಟಿನ ಮೇಲೆ ಅವನದೇ ಅಕ್ಷರದಲ್ಲಿ 'ಮಾರಾಟಕ್ಕಿಲ್ಲ'. ಸಿಕ್ಕಿದ್ದನ್ನೆಲ್ಲ ಮಾರುವ ಮನುಷ್ಯ ಒಂದನ್ನು ಮಾರುವುದಿಲ್ಲ ಅಂದರೆ ಅವನ ಮರ್ಮ ಅಲ್ಲಿದೆ ಎಂದೇ ಅರ್ಥ. ರಸಿಕರು ಹೋದ ಮೇಲೆ ಟಾರ್ಪಾಲು ಸರಿಸಿ, ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸಿ, ಒಳಗೆ ಕೂತು ಲಿವರ್ ಎಳೆಯುತ್ತಿದ್ದ. ಕಟಕ್. ಮತ್ತೆ ಮುಂದಕ್ಕೆ. ಕಟಕ್. ಡಿಪೋ ಸರ್ಕಲ್ಲಿನಿಂದಾಚೆಗೆ ಆ ಗಾಡಿ ಹೋದದ್ದಿಲ್ಲ. ಆ ಶಬ್ದಕ್ಕೆ ಅವನು ಫೀಲ್ ಎಂದು ಹೆಸರಿಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂಗಣ್ಣನ ಅಕ್ಕ ದನದ ಡಾಕ್ಟರು. ಗುಡ್ಡದ ಮೇಲಿನ ಕೊಟ್ಟಿಗೆಗಳೆಲ್ಲ ಅವಳ ಪಾಲಿಗೆ. ಅಲ್ಲಿಗೆ ಹೋಗಲು ಇರುವುದು ಜೇಡಿಮಣ್ಣಿನ ಒಂದೇ ಏರು. ಮಳೆ ಬಿದ್ದರೆ ಬೆಣ್ಣೆ ಸವರಿದ ಹಾಗೆ. ಹೋದ ಮಳೆಗಾಲದಲ್ಲಿ ಅವಳ ಪುಟ್ಟ ಕಾರು ಅರ್ಧ ಏರಿನಿಂದ ಹಿಂದಕ್ಕೆ ಜಾರಿ ಚರಂಡಿ ಸೇರಿತು. ಚೀಲ ಹೊತ್ತು ನಡೆದೇ ಹತ್ತಿದಳು. ಹೋಗುವಷ್ಟರಲ್ಲಿ ಕರು ಅಡ್ಡ ಸಿಕ್ಕಿ ಹಸು ಸತ್ತಿತ್ತು. ಹಸುವಿನ ಯಜಮಾನ ಬೈಯಲಿಲ್ಲ. ಕೈ ತೊಳೆಯಲು ಒಂದು ಬಕೆಟ್ ಬಿಸಿನೀರು ತಂದಿಟ್ಟ.

"ನನ್ನ ಕೈ ಕೊಳೆಯೇ ಆಗಿರ್ಲಿಲ್ಲ ಕಣೋ," ಎಂದಿದ್ದಳು ತಮ್ಮನ ಮುಂದೆ. "ಆದ್ರೂ ತೊಳ್ಕೊಂಡೆ, ಅವನು ನೋಡ್ತಾ ನಿಂತಿದ್ದ. ಇನ್ನೊಂದು ಸಲ ಹಾಗೆ ತೊಳ್ಕೊಳ್ಳೋಕೆ ನನ್ನಿಂದಾಗಲ್ಲ. ಈ ಮಳೆಗೆ ಮುಂಚೆ ನಾಲ್ಕೂ ಗಾಲಿ ಎಳೆಯೋ ಗಾಡಿ ಒಂದು ನೋಡು. ಅಥವಾ ಆ ಹಸಿರನ್ನೇ ಕೊಡು."

"ಅದು ಮಾರೋಕಲ್ಲ ಅಕ್ಕ."

"ಯಾಕೆ, ಕಾವಿಗೆ ಕೂರ್ಸಿದೀಯಾ? ಮರಿ ಹಾಕತ್ತಾ?"

ಮೂಗಣ್ಣ ಅವಳಿಗೆಂದು ಒಂದು ಬೂದು ಬಣ್ಣದ ಗಾಡಿ ಹುಡುಕಿ ತಂದ. ಬಾಗಿಲು ತೆರೆದು ತಲೆಯಿಟ್ಟು ಎಳೆದುಕೊಂಡ. ನೀರಿಲ್ಲ, ಸೀದದ್ದಿಲ್ಲ, ಅತ್ತರಿಲ್ಲ. ಹಿಂಬದಿಗೆ 'ಆಲ್ ವೀಲ್' ಎಂಬ ಹೊಳೆಯುವ ಅಕ್ಷರ. ಕೆಳಗೆ ಬಗ್ಗಿ ನೋಡುವುದು ಮೂಗಿಲ್ಲದವರ ಕೆಲಸ ಎಂದು ನಂಬಿದ್ದವನು ಬಗ್ಗಲಿಲ್ಲ. ಭಾನುವಾರ ರಸಿಕರು ಒಂದು ಸುತ್ತು ಕೇಳಿದರು. ಬೈದುಕೊಂಡೇ ಬೀಗದಕೈ ಕೊಟ್ಟ. ಊರ ಹೊರಗಿನ ರಸ್ತೆ ಸುತ್ತಿ ಬಂದರು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಭಾವ, ಇದು ಕಾರಲ್ಲ, ಬೆಕ್ಕು!" ಎಂದ ಬಾಮೈದ. "ನಾಲ್ಕು ಕಾಲಿನ ಉಗುರೂ ನೆಲಕ್ಕೆ ಊರ್ಕೊಂಡು ಹೋಗತ್ತೆ."

ಹಲ್ಲಿನ ಡಾಕ್ಟರು ಸ್ವಲ್ಪ ಹೊತ್ತು ಸೀಟಿನಲ್ಲೇ ಕೂತು ಧ್ಯಾನಿಸಿ ಇಳಿದರು. "ಹಿಂದಿನ ಗಾಲಿಗಳ ಪಾಲು ಒಂದು ಕೈ ಜಾಸ್ತೀನೇ ಇದೆ. ಬೆನ್ನ ಮೇಲೆ ದೊಡ್ಡೋರು ಕೈಯಿಟ್ಟ ಹಾಗೆ."

ಮೂಗಣ್ಣ ಎಂದಿನಂತೆ ಮೂಗು ಮುರಿದ. ಆದರೆ ಅದರ ಅಡಿಯಲ್ಲಿ ಏನೋ ಹಿತವೆನಿಸಿತು. ಬೇರೆಯವರ ಮಾಲನ್ನು ಹೊಗಳಿದರೆ ಹರಟೆ. ನಮ್ಮ ಮಾಲನ್ನು ಹೊಗಳಿದರೆ ಪರೀಕ್ಷೆ. ವ್ಯಾಪಾರಿಯ ಕಿವಿ ಇರುವುದೇ ಹೀಗೆ.

ಮುಂದಿನ ಭಾನುವಾರ ಸಣ್ಣಗೆ ಹನಿಯುತ್ತಿತ್ತು. ರಸಿಕರು ತಗಡಿನ ಕೆಳಗಿದ್ದರು. ಅಕ್ಕ ಗಂಬೂಟು ಹಾಕಿಕೊಂಡೇ ಬಂದು ಬೂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಏರು ಹತ್ತತ್ತಾ?"

"ಹತ್ತತ್ತಾ ಅಂತ ಕೇಳ್ತೀಯಲ್ಲ! ಬೇಕಾದ್ರೆ ಡಾಕ್ಟ್ರನ್ನ ಕೇಳು," ಎಂದ ಮೂಗಣ್ಣ. ಅಂದ ಮರುಗಳಿಗೆ ಅವನಿಗೇ ಬಾಯಿ ಕಹಿಯಾಯಿತು. ಯಾರ ಸಾಕ್ಷಿ ಹಿಡಿದು ಮಾತಾಡುತ್ತಿದ್ದೇನೆ!

"ಅವರನ್ನ ಹಲ್ಲು ನೋವಾದ್ರೆ ಕೇಳ್ತೀನಿ," ಎಂದಳು ಅಕ್ಕ. "ಹಸು ಕೊಳ್ಳೋರಿಗೆ ನಾನು ಹೇಳೋದು ಒಂದೇ ಮಾತು. ನಡೆಸಿ ನೋಡಿ."

ಗಾಡಿ ಹತ್ತಿ ನೇರ ತೊಳೆಯುವ ಇಳಿಜಾರಿಗೆ ಮುಖ ಮಾಡಿಸಿದಳು. ಸೋಪು, ಮಳೆ, ಹಳೇ ಗ್ರೀಸು ಎಲ್ಲ ಸೇರಿ ಅದು ಅವತ್ತು ಗುಡ್ಡದ ಏರಿಗೆ ತಂಗಿಯಾಗಿತ್ತು. ಮುಂದಿನ ಗಾಲಿಗಳು ಒಂದಿಷ್ಟು ಹತ್ತಿ, ನೊರೆ ಚಿಮ್ಮಿಸುತ್ತ ಗಿರ್ರನೆ ತಿರುಗಿದವು. ಹಿಂದಿನವು ಪಕ್ಕದ ಮನೆಯ ಜಗಳ ನೋಡುವವರಂತೆ ತೆಪ್ಪಗೆ ನಿಂತಿದ್ದವು. ಗಾಡಿ ಹಿಂದಕ್ಕೆ ಜಾರಿತು. ಇನ್ನೊಮ್ಮೆ ಹತ್ತಿಸಿದಳು. ಇನ್ನೊಮ್ಮೆ ಜಾರಿತು.

ಮೂಗಣ್ಣ ಒದ್ದೆ ಸಿಮೆಂಟಿನ ಮೇಲೆ ಅಂಗಾತ ಮಲಗಿ ಕೆಳಗೆ ನುಸುಳಿದ. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಶಾಫ್ಟ್ ಇರಬೇಕಾದ ಕಡೆ ಖಾಲಿ. ಯಾರೋ ಅದನ್ನು ಎಂದೋ ಬಿಚ್ಚಿ, ತೆರೆದ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ತಂತಿ ಬಿಗಿದಿದ್ದರು. ಮೂಗಣ್ಣ ಅಲ್ಲೇ ಮಲಗಿ ಅದನ್ನು ನೋಡಿದ. ಬೆನ್ನಿನ ಕೆಳಗೆ ಸೋಪಿನ ನೀರು ಹರಿಯುತ್ತಿತ್ತು. ಇದ್ದದ್ದನ್ನು ಅವನ ಮೂಗು ಹಿಡಿಯುತ್ತಿತ್ತು, ಒಪ್ಪೋಣ. ಇಲ್ಲದ ವಸ್ತುವಿಗೆ ವಾಸನೆ ಎಲ್ಲಿಂದ ಬರಬೇಕು?

"ಶಾಫ್ಟೇ ಇಲ್ಲ," ಎಂದ ಹೊರಗೆ ಬಂದು.

ರಸಿಕರು ಒಂದೊಂದು ಗುಟುಕು ಚಹಾ ಕುಡಿದರು.

"ನಾನು ಅವತ್ತೇ ಹೇಳಿರ್ಲಿಲ್ವಾ," ಎಂದರು ಹಲ್ಲಿನ ಡಾಕ್ಟರು, "ಏನೋ ಒಂಥರಾ ಹಗುರ ಅನ್ನಿಸ್ತಿದೆ ಅಂತ?"

"ಅಲ್ಲ ಭಾವ, ಶಾಫ್ಟ್ ಇಲ್ಲದೇನೇ ಇಷ್ಟು ಫೀಲ್ ಕೊಡತ್ತೆ ಅಂದ್ರೆ," ಎಂದ ಬಾಮೈದ ಮುಖ ಅರಳಿಸಿ, "ಇದ್ದಿದ್ರೆ ಹೇಗಿರ್ತಿತ್ತು ಯೋಚನೆ ಮಾಡಿ!"

ಆಗಲೇ ಅಕ್ಕನ ಫೋನು ಬಡಿದುಕೊಂಡಿತು. ಗುಡ್ಡದಿಂದ. ಅಲ್ಲಿ ಜೋರು ಮಳೆ. ಚೊಚ್ಚಲ ಹಸು, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ. ಅಕ್ಕ ಫೋನಿಟ್ಟು ಸಾಲಾಗಿ ನಿಂತ ಹೊಳೆಯುವ ಗಾಡಿಗಳನ್ನು ನೋಡಿದಳು.

"ಯಾರಾದ್ರೂ ಒಂದು ಕೊಡಿ. ಸಂಜೆಗೆ ತಂದ್ಬಿಡ್ತೀನಿ."

"ಕೊಡ್ತಿದ್ದೆ ಮೇಡಂ," ಎಂದರು ಹಲ್ಲಿನ ಡಾಕ್ಟರು. "ನಿನ್ನೆ ತಾನೇ ಪಾಲಿಶ್ ಮಾಡ್ಸಿದೀನಿ. ಅದು ಸ್ವಲ್ಪ ಕೂತ್ಕೋಬೇಕು."

"ನಂದು ಆ ಥರದ ಆಲ್ ವೀಲ್ ಅಲ್ಲಕ್ಕಾ," ಎಂದ ಬಾಮೈದ ನೆಲ ನೋಡುತ್ತ. "ಇದು ಟಾರ್ ರೋಡಿನ ಆಲ್ ವೀಲ್."

ಥೂ, ಎನ್ನಿಸಿತು ಮೂಗಣ್ಣನಿಗೆ. ನಾಲ್ಕು ಗಾಲಿ ಇಟ್ಟುಕೊಂಡು ಒಂದು ಹಸುವಿಗೆ ಆಗದವರು! ಇವತ್ತು ಇವರ ಜನ್ಮ ಜಾಲಾಡಬೇಕೆಂದು ದೀರ್ಘವಾಗಿ ಉಸಿರೆಳೆದುಕೊಂಡ. ಮೇಣದ ಪಾಲಿಶಿನ ಅದೇ ವಾಸನೆ ಮೂಗಿಗೆ ಬಡಿಯಿತು. ಆದರೆ ಬಂದದ್ದು ತಗಡಿನ ಕೆಳಗಿನಿಂದಲ್ಲ, ತೀರಾ ಹತ್ತಿರದಿಂದ. ಅವನ ಸ್ವಂತ ಜೇಬಿನಿಂದ, ಹಸಿರು ಗಾಡಿ ಒರೆಸುವ, ಈಗ ಒದ್ದೆಯಾದ ಆ ಮೆತ್ತನೆ ಬಟ್ಟೆಯಿಂದ.

ಅಕ್ಕ ಅವನನ್ನೇ ನೋಡುತ್ತಿದ್ದಳು. ಹಸಿರು ಗಾಡಿಯ ಸುದ್ದಿ ಎತ್ತಲಿಲ್ಲ. ಒಮ್ಮೆ ಕೇಳಿ ಬೇಡವೆನ್ನಿಸಿಕೊಂಡದ್ದನ್ನು ಎರಡನೇ ಸಲ ಕೇಳುವ ಹೆಂಗಸಲ್ಲ. ಚೀಲ ಹೆಗಲಿಗೇರಿಸಿ ತನ್ನ ಪುಟ್ಟ ಕಾರಿನ ಕಡೆ ಹೊರಟಳು.

ಮೂಗಣ್ಣ ಬೈಗುಳವನ್ನು ನುಂಗಿಕೊಂಡು ಶೆಡ್ಡಿಗೆ ಹೋದ. ಟಾರ್ಪಾಲು ಎಳೆದ. ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಇಳಿದು, ಬಾಗಿಲು ಹಿಡಿದುಕೊಂಡ.

"ಏರಿನ ಬುಡದಲ್ಲಿ ನಿಲ್ಸಿ ಲಿವರ್ ಹಿಂದಕ್ಕೆ ಎಳಿ. ಗಟ್ಟಿಯಾಗಿ. ಕಟಕ್ ಅನ್ನತ್ತೆ. ಆ ಶಬ್ದ ಬರೋವರ್ಗೂ..."

"ಅನ್ನಲಿ ಬಿಡೋ," ಎಂದು ಅಕ್ಕ ಚೀಲವನ್ನು ಪಕ್ಕದ ಸೀಟಿಗೆ ಎಸೆದು ಹೊರಟೇಬಿಟ್ಟಳು. ಗೇಟಿನ ಗುಂಡಿಯ ಕೆಸರು ಹಸಿರು ಬಾಗಿಲ ಮೇಲೆ ಚಿಮ್ಮಿತು. ಮೂಗಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು.

"ಬಂಗಾರದಂಥ ಗಾಡಿ," ಎಂದು ಹಲ್ಲಿನ ಡಾಕ್ಟರು ಲೊಚಗುಟ್ಟಿದರು.

"ಚಹಾ ಆಯ್ತಲ್ಲ, ಹೊರಡಿ," ಎಂದ ಮೂಗಣ್ಣ. ಮಳೆ ಜೋರಾಗುವ ಮುಂಚೆ ಮನೆ ಸೇರಿದರೆ ಗಾಡಿಗೆ ಒಳ್ಳೆಯದೆಂದು ಅವರೂ ಹೊರಟರು.

ಸಂಜೆ ಗೇಟಿನಲ್ಲಿ ಬಂದು ನಿಂತದ್ದು ಯಾವ ಬಣ್ಣದ ಗಾಡಿ ಎಂದು ಹೇಳುವಂತಿರಲಿಲ್ಲ. ಗಾಜಿನವರೆಗೂ ಕೆಂಪು ಮಣ್ಣು. ಒಂದು ಕನ್ನಡಿ ಇಲ್ಲ. ಹಿಂದಿನ ಸೀಟಿನ ಮೇಲೆ ಗೋಣಿಯಲ್ಲಿ ಸುತ್ತಿದ ಕರು. ಕೊಟ್ಟಿಗೆಯೊಳಗೆ ನೀರು ನುಗ್ಗಿದ್ದರಿಂದ ಆಸ್ಪತ್ರೆಗೆ ಒಯ್ಯಲು ತಂದಿದ್ದಳು. ಹುಟ್ಟಿದ ಕರು ಮೊದಲ ದಿನ ಏನೇನು ಮಾಡಬಹುದೋ ಅದು ಅಷ್ಟನ್ನೂ ಆ ಸೀಟಿನ ಮೇಲೇ ಮಾಡಿ ಮುಗಿಸಿತ್ತು.

ಅಭ್ಯಾಸಬಲ. ಮೂಗಣ್ಣ ಬಾಗಿಲು ತೆರೆದು ತಲೆ ಒಳಗಿಟ್ಟು ಉಸಿರೆಳೆದುಕೊಂಡ. ನೆನೆದ ಕೂದಲು, ಅಯೋಡಿನ್, ರಕ್ತ, ಹುಳಿ ಹಾಲು, ಸಗಣಿ. ತಲೆ ಹೊರಗೆಳೆದು ಕೆಮ್ಮಿದ. ಟ್ಯಾಕ್ಸಿ ತೊಳೆಯುವ ಕಾಲದಲ್ಲೂ ಇಂಥದು ಬಂದಿರಲಿಲ್ಲ.

"ಹಸು?" ಎಂದ, ಮಾತು ಬಂದ ಮೇಲೆ.

"ಎದ್ದು ನಿಂತಿದೆ."

"ಏರು?"

"ಹತ್ತಿತು."

"ಅಲ್ಲ, ಹತ್ತುವಾಗ ಹೇಗೆ..." ಅರ್ಧಕ್ಕೇ ನಿಲ್ಲಿಸಿದ. ರಸಿಕರ ಆ ಹಾಳು ಮಾತು ನಾಲಿಗೆ ತುದಿಗೆ ಬಂದಿತ್ತು.

"ಏನು ಹೇಗೆ? ಹತ್ತಿತು ಅಂದ್ನಲ್ಲ," ಎಂದಳು ಅಕ್ಕ. "ನಾಳೆ ತೊಳ್ಸಿ ಕೊಡ್ತೀನಿ ನಿನ್ನ ಗಾಡೀನ."

"ತೊಳೆದ್ರೆ ಹೋಗೋ ನಾತವಾ ಇದು? ಸೀಟಿನೊಳಗೇ ಇಳಿದಿದೆ." ಮೂಗಣ್ಣ ಗಾಜಿನ ಹಿಂದಿನಿಂದ ರಟ್ಟನ್ನು ಕಿತ್ತುಕೊಂಡ. "ಇನ್ನು ಇದನ್ನ ಯಾರೂ ಮೂಸಿ ಕೂಡ ನೋಡಲ್ಲ. ನೀನೇ ಇಟ್ಕೋ."

"ಮಾರೋಕಲ್ಲ ಅಂತಿದ್ದೆ?"

"ಮಾರ್ತಿದೀನಿ ಅಂತ ಯಾರು ಹೇಳಿದ್ದು ಈಗ?"

ಅಕ್ಕ ತೋಳು ಮುಂದೆ ಚಾಚಿದಳು. ಮೊಣಕೈವರೆಗೂ ರಕ್ತ, ಲೋಳೆ, ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಇಳಿಜಾರಿನ ಪಕ್ಕ ನಿಂತು ಅವಳು ಉಜ್ಜಿ ಉಜ್ಜಿ ಕೈ ತೊಳೆದುಕೊಂಡಳು, ಬಹಳ ಹೊತ್ತು. ಮೂಗಣ್ಣ ಒಂದು ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡಿದ್ದ, ಇನ್ನೊಂದರಲ್ಲಿ ಮೂಗು.